ಡಾಕ್ಟರೇ ಹೇಳಿದ್ದಾರೆ ಅಂದರೆ ಸಾಕೇ? ತರ್ಕದ ಪ್ರಶ್ನೆಗಳಲ್ಲಿ ‘ದೊಡ್ಡವರ ಹೆಸರಿನ’ ತಪ್ಪನ್ನು ಹಿಡಿಯುವುದು ಹೇಗೆ?

ಬಟ್ಟಲಿಗೆ ಎರಡು ಮೂರು ಚೂರು ತೆಂಗಿನಕಾಯಿ ಹಾಕಿ, ಬಿಸಿನೀರು ಸುರಿದು ಕುಡಿದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಈ ಮೆಸೇಜ್ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಒಂದಲ್ಲ ಒಂದು ದಿನ ಬಂದಿರಬೇಕು. ಅದರ ಜೊತೆಗಿದ್ದ ಹೆಸರು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರದು. ಆಸ್ಪತ್ರೆ ನಿಜ, ವೈದ್ಯರು ನಿಜ, ಅವರು ಕ್ಯಾನ್ಸರ್ ತಜ್ಞರು ಎನ್ನುವುದೂ ನಿಜ. ಆದರೆ ಆ ಮಾತು ಅವರದಲ್ಲ ಎಂದು ಆಸ್ಪತ್ರೆಯೇ ಸ್ಪಷ್ಟನೆ ಕೊಡಬೇಕಾಯಿತು.

ಹೆಸರಿನ ಬಲದಿಂದ ಮಾತು ನಂಬಿಸುವ ಈ ಉಪಾಯವನ್ನೇ ತರ್ಕದ ಪರೀಕ್ಷೆಗಳೂ ಪದೇ ಪದೇ ಪ್ರಶ್ನೆಯಾಗಿ ಕೇಳುತ್ತವೆ. ಕಾನೂನು ಪದವಿಗೆ ಹೋಗುವವರು ಬರೆಯುವ ಕ್ಲಾಟ್‌ನಲ್ಲಿ 120 ಪ್ರಶ್ನೆಗಳ ಪೈಕಿ ಸುಮಾರು ಐದನೇ ಒಂದು ಭಾಗ ಲಾಜಿಕಲ್ ರೀಸನಿಂಗ್. ಉಪನ್ಯಾಸಕರಾಗಲು ಬರೆಯುವ ಯುಜಿಸಿ ನೆಟ್‌ನ ಮೊದಲ ಪತ್ರಿಕೆಯ ಪಠ್ಯದಲ್ಲಿ ತರ್ಕದೋಷಗಳಿಗೆ ಜಾಗವಿದೆ. ಅಮೆರಿಕದ ಲಾ ಸ್ಕೂಲ್‌ಗಳಿಗೆ ಹೋಗುವವರ ಎಲ್‌ಸ್ಯಾಟ್‌ನಲ್ಲಂತೂ 2024ರ ಆಗಸ್ಟ್‌ನಿಂದ ಅಂಕಕ್ಕೆ ಲೆಕ್ಕವಾಗುವ ಮೂರು ಭಾಗಗಳಲ್ಲಿ ಎರಡು ಲಾಜಿಕಲ್ ರೀಸನಿಂಗ್‌ಗೇ ಮೀಸಲು.

ಇಲ್ಲಿ ಅಭ್ಯರ್ಥಿಗಳು ಎರಡು ಬಗೆಯಲ್ಲಿ ಎಡವುತ್ತಾರೆ. ತಪ್ಪು ಕಣ್ಣಿಗೆ ಬೀಳದೇ ಇರುವುದು ಒಂದು. ಡಾಕ್ಟರ್, ಪ್ರೊಫೆಸರ್, ವಿಜ್ಞಾನಿ ಎಂಬ ಪದ ಕಂಡ ಕೂಡಲೇ ‘ಇದು ಅಪೀಲ್ ಟು ಅಥಾರಿಟಿ’ ಎಂದು ಗುರುತು ಹಾಕಿಬಿಡುವುದು ಇನ್ನೊಂದು. ಸ್ವಲ್ಪ ಓದಿಕೊಂಡವರು ಬೀಳುವುದು ಎರಡನೆಯ ಹಳ್ಳಕ್ಕೆ. ಕ್ಲಾಟ್‌ನಲ್ಲಿ ತಪ್ಪು ಉತ್ತರಕ್ಕೆ 0.25 ಅಂಕ ಕಳೆಯುತ್ತಾರೆ, ಹಾಗಾಗಿ ಈ ಆತುರ ದುಬಾರಿ.

ಏನಿದು ತರ್ಕದೋಷ?

ಒಬ್ಬರು ಹೇಳಿದ್ದಾರೆ ಎನ್ನುವುದನ್ನೇ ಕಾರಣವಾಗಿಟ್ಟು ಒಂದು ತೀರ್ಮಾನ ಮಾಡಿದಾಗ, ಹೇಳಿದವರ ತಿಳಿವಳಿಕೆಗೂ ಆ ತೀರ್ಮಾನಕ್ಕೂ ಸರಿಯಾದ ಸಂಬಂಧ ಇಲ್ಲದಿದ್ದರೆ ಅದು ಈ ದೋಷ. ತರ್ಕಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ‘ಆರ್ಗ್ಯುಮೆಂಟಮ್ ಆಡ್ ವೆರೆಕುಂಡಿಯಮ್’ ಎಂಬ ಲ್ಯಾಟಿನ್ ಹೆಸರಿದೆ. 17ನೇ ಶತಮಾನದ ಕೊನೆಯಲ್ಲಿ ಆ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ‘ವೆರೆಕುಂಡಿಯಾ’ ಎಂದರೆ ಅಧಿಕಾರ ಅಲ್ಲ. ಅದರ ಅರ್ಥ ಸಂಕೋಚ, ಮುಜುಗರ, ಮರ್ಯಾದೆ. ದೊಡ್ಡ ಹೆಸರಿನವರ ಮಾತನ್ನು ಪ್ರಶ್ನಿಸಿದರೆ ಅಹಂಕಾರ ಎನಿಸೀತು ಎಂಬ ಸಂಕೋಚದಿಂದ ಎದುರಾಳಿ ಬಾಯಿ ಮುಚ್ಚಿಕೊಳ್ಳುತ್ತಾನೆ ಎನ್ನುವುದು ಲಾಕ್ ಹಿಡಿದ ಎಳೆ. ಮನೆಯ ಗುಂಪಿನಲ್ಲಿ ದೊಡ್ಡಪ್ಪ ಕಳಿಸಿದ ಫಾರ್ವರ್ಡ್‌ಗೆ ‘ಇದು ಸುಳ್ಳು’ ಎಂದು ಬರೆಯಲು ಹೋಗಿ ಕೈ ತಡೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಹೋಗುವ ಮುನ್ನ ಒಂದು ವಿಷಯ ಗಟ್ಟಿ ಮಾಡಿಕೊಳ್ಳೋಣ. ಇಂಥ ಪ್ರಶ್ನೆಗಳು ತೀರ್ಮಾನ ಸತ್ಯವೋ ಸುಳ್ಳೋ ಎಂದು ಕೇಳುವುದಿಲ್ಲ. ಕೊಟ್ಟ ಕಾರಣ ಆ ತೀರ್ಮಾನವನ್ನು ಹೊರುತ್ತದೆಯೇ ಎಂದಷ್ಟೇ ಕೇಳುತ್ತವೆ. ಸತ್ಯವಾದ ತೀರ್ಮಾನಕ್ಕೂ ಕೆಟ್ಟ ಕಾರಣ ಕೊಡಬಹುದು.

ಸುಲಭದ ಪ್ರಶ್ನೆಯಿಂದ ಶುರು

“ನಗರದ ಹೊಸ ಮೇಲ್ಸೇತುವೆಯ ಕಂಬಗಳು ಭಾರ ತಾಳುವುದಿಲ್ಲ. ಏಕೆಂದರೆ ಮೂವತ್ತು ವರ್ಷ ಹೃದಯ ಶಸ್ತ್ರಚಿಕಿತ್ಸೆ ಮಾಡಿದ, ಎಂದೂ ಸುಳ್ಳಾಡದ ಹಿರಿಯ ವೈದ್ಯರೊಬ್ಬರು ಹಾಗೆ ಹೇಳಿದ್ದಾರೆ.”

ಹೃದಯದ ತಜ್ಞರಿಗೆ ಕಾಂಕ್ರೀಟಿನ ಲೆಕ್ಕ ಗೊತ್ತಿರಬೇಕೆಂದೇನೂ ಇಲ್ಲ. ಇದು ಎಲ್ಲರಿಗೂ ಹೊಳೆಯುತ್ತದೆ. ಆದರೆ ‘ಎಂದೂ ಸುಳ್ಳಾಡದ’ ಎಂಬ ಮಾತನ್ನು ಪ್ರಶ್ನೆ ಬರೆದವರು ಬೇಕೆಂದೇ ಸೇರಿಸಿರುತ್ತಾರೆ. ಆಯ್ಕೆಗಳಲ್ಲಿ ‘ವೈದ್ಯರು ಸುಳ್ಳು ಹೇಳಿರಬಹುದು ಎಂಬುದನ್ನು ಪರಿಗಣಿಸಿಲ್ಲ’ ಎಂದೊಂದು ಇಟ್ಟು, ‘ಒಂದು ಕ್ಷೇತ್ರದ ಪರಿಣತಿ ಇನ್ನೊಂದು ಕ್ಷೇತ್ರದಲ್ಲೂ ನಡೆಯುತ್ತದೆ ಎಂದು ಭಾವಿಸಿದೆ’ ಎಂದು ಇನ್ನೊಂದು ಇಡುತ್ತಾರೆ. ಸರಿಯುತ್ತರ ಎರಡನೆಯದು. ಪ್ರಾಮಾಣಿಕತೆಯೇ ಬೇರೆ, ತಿಳಿವಳಿಕೆಯೇ ಬೇರೆ. ಪ್ರಾಮಾಣಿಕರೂ ತಮಗೆ ಗೊತ್ತಿಲ್ಲದ ವಿಷಯದಲ್ಲಿ ಪ್ರಾಮಾಣಿಕವಾಗಿಯೇ ತಪ್ಪು ಹೇಳುತ್ತಾರೆ.

ಕಷ್ಟದ ಪ್ರಶ್ನೆಗಳಲ್ಲಿ ಕ್ಷೇತ್ರಗಳ ಅಂತರ ಇಷ್ಟು ದೊಡ್ಡದಿರುವುದಿಲ್ಲ. ತಜ್ಞ ಪಕ್ಕದ ಹೊಲದವನಾಗಿರುತ್ತಾನೆ. ಇದಕ್ಕೆ ಲೈನಸ್ ಪೌಲಿಂಗ್ ಅವರಿಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರ ಸಾಲಿನಲ್ಲಿ ಶಾಂತಿಗೆ ನೊಬೆಲ್ ಪಡೆದವರು. ಯಾರೊಡನೆಯೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಅವರೊಬ್ಬರೇ. 1970ರಲ್ಲಿ ಅವರು ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಪುಸ್ತಕ ಬರೆದು, ದಿನವೂ ಗ್ರಾಂ ಲೆಕ್ಕದಲ್ಲಿ ವಿಟಮಿನ್ ಸಿ ತಿಂದರೆ ನೆಗಡಿಯನ್ನು ದೂರವಿಡಬಹುದು ಎಂದು ವಾದಿಸಿದರು. ಜನ ನಂಬಿದರು, ಮಾತ್ರೆಗಳ ಮಾರಾಟ ಏರಿತು. ಆಮೇಲೆ ಸಾವಿರಾರು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ಸಾಮಾನ್ಯ ಜನರಲ್ಲಿ ದಿನವೂ ವಿಟಮಿನ್ ಸಿ ತಿನ್ನುವುದರಿಂದ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ಇರುವ ಅವಧಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು ಕಡಿಮೆಯಾಯಿತು. ವಾರದ ನೆಗಡಿಯಲ್ಲಿ ಅರ್ಧ ದಿನದ ಉಳಿತಾಯ ಅಂದುಕೊಳ್ಳಿ.

ಪೌಲಿಂಗ್ ಅವರಿಗೆ ವಿಟಮಿನ್ ಸಿ ಎಂಬ ಅಣುವಿನ ರಚನೆ ಚೆನ್ನಾಗಿಯೇ ಗೊತ್ತಿತ್ತು. ಅದೇ ಅಣು ಮನುಷ್ಯನ ಮೈಯಲ್ಲಿ ನೆಗಡಿಯನ್ನು ತಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಬಗೆಯ ಪುರಾವೆ ಬೇಕು. ಪರೀಕ್ಷೆಯಲ್ಲಿ ‘ರಸಾಯನ ವಿಜ್ಞಾನಿ’ ಎಂದು ಓದಿ, ‘ಆಹಾರವೂ ರಸಾಯನವೇ ತಾನೇ’ ಎಂದು ಮುಂದೆ ಹೋದರೆ ಜಾರುವುದು ಇಲ್ಲೇ. ತಜ್ಞರ ಪದವಿಯನ್ನು ತೀರ್ಮಾನದ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಈ ವಾಕ್ಯ ಸರಿಯೋ ಎಂದು ಪರೀಕ್ಷಿಸುವುದು ಇವರ ದಿನನಿತ್ಯದ ಕೆಲಸವೇ? ನಾವು ಬಳಸುವ ಒರೆಗಲ್ಲು ಇದು.

ರಾಗಿ ಮುದ್ದೆಯ ಬಲೆ

ಈಗ ಇದನ್ನು ಓದಿ. ಉತ್ತರ ನೋಡುವ ಮುನ್ನ ಒಂದನ್ನು ಆರಿಸಿಕೊಳ್ಳಿ.

“ಪೌಷ್ಟಿಕಾಂಶ ತಜ್ಞೆಯೊಬ್ಬರ ಪ್ರಕಾರ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಅದರ ಸಣ್ಣದೊಂದು ಪಾಲು. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಆದ್ದರಿಂದ ದಿನವೂ ಮುದ್ದೆ ಉಣ್ಣುವವರಿಗೆ ಮೂಳೆ ಟೊಳ್ಳಾಗುವ ಕಾಯಿಲೆ ಬರುವುದಿಲ್ಲ.”

ಈ ವಾದದ ದೋಷ ಯಾವುದು?

ಅ) ತಜ್ಞೆಯ ಮಾತನ್ನೇ ಪುರಾವೆಯಾಗಿ ಬಳಸಿದೆ.
ಆ) ಕ್ಯಾಲ್ಸಿಯಂ ಪ್ರಮಾಣವನ್ನು ಹೇಗೆ ಅಳೆದರು ಎಂದು ಹೇಳಿಲ್ಲ.
ಇ) ಒಂದು ಫಲಕ್ಕೆ ಬೇಕಾದ ಹಲವು ಅಂಶಗಳಲ್ಲಿ ಒಂದು ಇದ್ದರೆ ಸಾಕು ಎಂದು ಭಾವಿಸಿದೆ.
ಈ) ಅಕ್ಕಿಗಿಂತ ರಾಗಿ ರುಚಿ ಎಂದು ಭಾವಿಸಿದೆ.

ಅವಸರದಲ್ಲಿ ಬಹಳಷ್ಟು ಮಂದಿ ‘ಅ’ ಎನ್ನುತ್ತಾರೆ. ತಜ್ಞೆ ಕಂಡರಲ್ಲ! ಆದರೆ ತಜ್ಞೆ ಮಾತಾಡಿದ್ದು ತಮ್ಮ ಕ್ಷೇತ್ರದ ಬಗ್ಗೆ. ಧಾನ್ಯದಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಎಂಬುದನ್ನು ಪೌಷ್ಟಿಕಾಂಶ ತಜ್ಞರಲ್ಲದೆ ಇನ್ಯಾರನ್ನು ಕೇಳೋಣ? ಆ ಅಂಕಿಯೂ ಸರಿಯೇ, ನಮ್ಮ ದೇಶದ ಆಹಾರ ಕೋಷ್ಟಕಗಳಲ್ಲಿ ರಾಗಿಗೆ ಅಷ್ಟು ಕ್ಯಾಲ್ಸಿಯಂ ದಾಖಲಾಗಿದೆ. ವಾದ ಮುರಿದದ್ದು ಆಮೇಲೆ, ‘ಕ್ಯಾಲ್ಸಿಯಂ ಇದೆ’ ಎಂಬಲ್ಲಿಂದ ‘ಕಾಯಿಲೆ ಬರುವುದಿಲ್ಲ’ ಎಂಬಲ್ಲಿಗೆ ಹಾರಿದಾಗ. ಮೂಳೆಯ ಗಟ್ಟಿತನಕ್ಕೆ ವಿಟಮಿನ್ ಡಿ, ವಯಸ್ಸು, ಮುಟ್ಟು ನಿಂತ ಮೇಲಿನ ಹಾರ್ಮೋನು ಬದಲಾವಣೆ, ಮೈ ದುಡಿಮೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮತ್ತೆ ಓದಿದರೆ, ಆ ಹಾರಾಟವನ್ನು ತಜ್ಞೆ ಮಾಡಿಯೇ ಇಲ್ಲ. ಅವರ ಮಾತು ಮುಗಿದ ಮೇಲೆ ವಾದ ಮಾಡಿದವರು ಮಾಡಿದ್ದು. ಸರಿಯುತ್ತರ ‘ಇ’.

ನಮಗೆ ಬರುವ ಆರೋಗ್ಯದ ಫಾರ್ವರ್ಡ್‌ಗಳಲ್ಲಿ ಈ ಮಾದರಿ ತುಂಬ ಸಾಮಾನ್ಯ. ಮೊದಲ ಎರಡು ಸಾಲು ನಿಜವಾದ ವಿಜ್ಞಾನ, ಮೂರನೆಯ ಸಾಲು ಕಳಿಸಿದವರ ಕಲ್ಪನೆ, ಮೂರಕ್ಕೂ ಮೇಲೆ ಒಂದೇ ಹೆಸರು. ತಜ್ಞರ ಮಾತು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ತಜ್ಞರ ಅಭ್ಯಾಸ, ತಜ್ಞರ ಅಭಿಪ್ರಾಯ

ಅಮೆರಿಕದಲ್ಲಿ 1946ರಲ್ಲಿ ಕ್ಯಾಮೆಲ್ ಸಿಗರೇಟಿನ ಒಂದು ಜಾಹೀರಾತು ಸರಣಿ ಶುರುವಾಯಿತು. ಬೇರೆ ಯಾವುದೇ ಸಿಗರೇಟಿಗಿಂತ ಕ್ಯಾಮೆಲ್ ಸೇದುವ ವೈದ್ಯರೇ ಹೆಚ್ಚು ಎನ್ನುವುದು ಅದರ ಸಾರ. ಬಿಳಿ ಕೋಟು ತೊಟ್ಟ ಸೌಮ್ಯ ಮುಖದ ಡಾಕ್ಟರ ಚಿತ್ರ ಬೇರೆ. ಅಂಕಿ ನಿಜವೇ ಎಂದು ಇಟ್ಟುಕೊಳ್ಳಿ. ಆಗಲೂ ಅದರಿಂದ ಏನು ಸಿದ್ಧವಾಗುತ್ತದೆ? ವೈದ್ಯರು ಸೇದುತ್ತಾರೆ ಎಂದು ಮಾತ್ರ. ಸೇದುವುದು ಅವರ ಚಟ, ಅವರ ವೈದ್ಯಕೀಯ ಸಲಹೆಯಲ್ಲ. ದಂತವೈದ್ಯರು ಮಿಠಾಯಿ ತಿಂದರೆ ಮಿಠಾಯಿ ಹಲ್ಲಿಗೆ ಒಳ್ಳೆಯದಾಗುವುದಿಲ್ಲ. ‘ಸ್ವತಃ ಡಾಕ್ಟರ್‌ಗಳೇ ಮನೆಯಲ್ಲಿ ಇದನ್ನೇ ಬಳಸುತ್ತಾರೆ’ ಎಂದು ಶುರುವಾಗುವ ಪ್ರಶ್ನೆ ಕಂಡರೆ ಈ ಜಾಹೀರಾತನ್ನು ನೆನೆಸಿಕೊಳ್ಳಿ. ತಜ್ಞರು ತಮ್ಮ ಕ್ಷೇತ್ರದೊಳಗೇ ಇದ್ದರೂ ದೋಷ ಇರಬಹುದಾದ ಜಾಗ ಇದು, ಅದಕ್ಕೇ ಬಹಳ ಜನ ತಪ್ಪಿಸಿಕೊಳ್ಳುತ್ತಾರೆ.

ಹಿತಾಸಕ್ತಿಯ ಪ್ರಶ್ನೆ ಇನ್ನೊಂದು. 1967ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಹೃದ್ರೋಗದ ಬಗ್ಗೆ ಬರೆದ ವಿಮರ್ಶಾ ಲೇಖನವೊಂದು ಕೊಬ್ಬಿನ ಕಡೆ ಬೆರಳು ಮಾಡಿ ಸಕ್ಕರೆಯ ಪಾತ್ರವನ್ನು ಹಗುರ ಮಾಡಿತ್ತು. ಅದಕ್ಕೆ ಸಕ್ಕರೆ ಉದ್ಯಮದ ಸಂಸ್ಥೆ ಹಣ ಕೊಟ್ಟಿತ್ತೆಂದು ಹಳೆಯ ಕಾಗದಪತ್ರಗಳಿಂದ ಲೋಕಕ್ಕೆ ತಿಳಿದದ್ದು 2016ರಲ್ಲಿ. ಕ್ಷೇತ್ರ ಸರಿ, ಪರಿಣತಿ ಸರಿ, ಆದರೆ ಹೇಳುವವರಿಗೆ ಒಂದೇ ಕಡೆಗೆ ವಾಲಲು ಕಾರಣವಿತ್ತು. ಅಂಥವರ ಮಾತೊಂದನ್ನೇ ನಂಬಿ ತೀರ್ಮಾನಿಸಿದರೆ ವಾದ ದುರ್ಬಲ.

ಆದರೆ ಇಲ್ಲಿಯೇ ತಿರುಗುಬಾಣ ಕಾದಿರುತ್ತದೆ. “ಈ ಔಷಧ ಸುರಕ್ಷಿತ ಎಂದ ವಿಜ್ಞಾನಿಗೆ ಕಂಪನಿ ಸಂಬಳ ಕೊಡುತ್ತದೆ. ಆದ್ದರಿಂದ ಔಷಧ ಸುರಕ್ಷಿತವಲ್ಲ.” ಇದನ್ನು ಸರಿ ಎಂದವರಿಗೆ ಅಂಕ ಹೋಯಿತು. ಸಂಬಳದ ವಿಷಯ ವಿಜ್ಞಾನಿಯ ಮಾತಿನ ಮೇಲಿನ ಭರವಸೆಯನ್ನು ಕಡಿಮೆ ಮಾಡಬಹುದು, ಆದರೆ ಅದು ಔಷಧದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾತು ಬಿಟ್ಟು ಆಳನ್ನು ಹಿಡಿಯುವ ಈ ದೋಷಕ್ಕೆ ‘ಆಡ್ ಹೋಮಿನೆಮ್’ ಎಂಬ ಬೇರೆ ಹೆಸರಿದೆ. ಹೆಸರು ನೋಡಿ ಒಪ್ಪುವುದು, ಹೆಸರು ನೋಡಿ ತಳ್ಳುವುದು ಎರಡೂ ಅಣ್ಣತಮ್ಮಂದಿರು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹಂಗಿಸುವುದು ಎರಡನೆಯವನನ್ನೇ.

ಇದರದೇ ಇನ್ನೊಂದು ವೇಷ: “ಹೊಟ್ಟೆಯ ಹುಣ್ಣಿಗೆ ಒತ್ತಡ, ಖಾರ ಕಾರಣ ಎಂದು ವೈದ್ಯರು ದಶಕಗಳ ಕಾಲ ನಂಬಿದ್ದರು. ಅದು ತಪ್ಪಾಯಿತು. ಆದ್ದರಿಂದ ಲಸಿಕೆಯ ಬಗ್ಗೆ ವೈದ್ಯರು ಹೇಳುವುದನ್ನೂ ನಂಬಬೇಕಿಲ್ಲ.” ಮೊದಲ ಭಾಗ ನಿಜ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಆ ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ತೋರಿಸಿದರು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆದರೆ ವೈದ್ಯರನ್ನು ತಿದ್ದಿದ ಈ ಇಬ್ಬರೂ ವೈದ್ಯರೇ, ತಿದ್ದಿದ್ದು ಪುರಾವೆ ಇಟ್ಟು. ಒಂದು ವಿಷಯದಲ್ಲಿ ತಪ್ಪಿದವರು ಎಲ್ಲದರಲ್ಲೂ ತಪ್ಪುತ್ತಾರೆ ಎನ್ನಲು ಇದು ಸಾಲದು.

‘ಇರಬಹುದು’ ಮತ್ತು ‘ಇದ್ದೇ ಇದೆ’

ತೀರ್ಮಾನದ ವಾಕ್ಯದಲ್ಲಿ ಎಷ್ಟು ಬಿಗಿ ಇದೆ ಎಂದು ನೋಡುವುದನ್ನು ಮರೆಯಬೇಡಿ. “ನಾಳೆ ಮಳೆಯ ಸಾಧ್ಯತೆ ಹೆಚ್ಚು ಎಂದು ಹವಾಮಾನ ಇಲಾಖೆ ಹೇಳಿದೆ, ಆದ್ದರಿಂದ ಕೊಡೆ ಒಯ್ಯುವುದು ಒಳ್ಳೆಯದು” ಎಂಬುದು ಒಳ್ಳೆಯ ವಾದ. ಅದೇ ಕಾರಣ ಇಟ್ಟು “ಆದ್ದರಿಂದ ನಾಳೆ ಮಳೆ ಬಂದೇ ಬರುತ್ತದೆ” ಎಂದರೆ ಕೆಟ್ಟ ವಾದ. ತಜ್ಞರು ಅವರೇ, ಮಾತು ಅದೇ, ಬದಲಾದದ್ದು ಕೊನೆಯ ಕ್ರಿಯಾಪದ. ಖಂಡಿತ, ಎಂದಿಗೂ, ಎಲ್ಲರಿಗೂ, ಸಾಬೀತಾಗಿದೆ ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ.

ತಜ್ಞರೇ ಎರಡು ಗುಂಪಾಗಿರುವಾಗ ಒಬ್ಬರನ್ನು ಮಾತ್ರ ಎತ್ತಿ ತೋರಿಸುವುದು, ‘ವಿಜ್ಞಾನಿಗಳು ಹೇಳುತ್ತಾರೆ’ ಎಂದು ಹೆಸರಿಲ್ಲದ ಗುಂಪನ್ನು ನಿಲ್ಲಿಸುವುದು, ಇವೂ ದೋಷಗಳೇ. ಇವನ್ನು ಹಿಡಿಯುವುದು ಕಷ್ಟವಲ್ಲ. ಕಷ್ಟವಾಗುವುದು ಆಯ್ಕೆಗಳ ಭಾಷೆ. ಎಲ್‌ಸ್ಯಾಟ್‌ನಂಥ ಪರೀಕ್ಷೆಯ ಸರಿಯುತ್ತರದಲ್ಲಿ ‘ಅಥಾರಿಟಿ’ ಎಂಬ ಪದವೇ ಇಲ್ಲದಿರಬಹುದು. ‘ಸಂಬಂಧಪಟ್ಟ ವಿಷಯದಲ್ಲಿ ಆ ವ್ಯಕ್ತಿಗೆ ಜ್ಞಾನವಿದೆ ಎಂದು ಆಧಾರವಿಲ್ಲದೆ ಭಾವಿಸುತ್ತದೆ’ ಎಂಬಂಥ ಒಣ ವಾಕ್ಯ ಇರುತ್ತದೆ. ಆದ್ದರಿಂದ ಆಯ್ಕೆಗಳನ್ನು ಓದುವ ಮುನ್ನವೇ ದೋಷವನ್ನು ನಿಮ್ಮ ಮಾತಿನಲ್ಲಿ, ಕನ್ನಡದಲ್ಲೇ, ಮನಸ್ಸಿನಲ್ಲಿ ಹೇಳಿಕೊಳ್ಳಿ. ‘ಹೃದಯದ ಡಾಕ್ಟರ್‌ಗೆ ಸೇತುವೆ ಏನು ಗೊತ್ತು?’ ಎಂದು ಅಂದುಕೊಂಡವರಿಗೆ ಆ ಒಣ ವಾಕ್ಯ ಬೇಗ ಪರಿಚಯ ಸಿಗುತ್ತದೆ.

ನಮ್ಮ ನೈಯಾಯಿಕರ ಒರೆಗಲ್ಲು

ಯುಜಿಸಿ ನೆಟ್ ಬರೆಯುವವರಿಗೆ ಇನ್ನೊಂದು ತುದಿಯಿಂದಲೂ ಈ ವಿಷಯ ಬರುತ್ತದೆ. ಪಠ್ಯದಲ್ಲಿ ಭಾರತೀಯ ತರ್ಕದ ಪ್ರಮಾಣಗಳಿವೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಇವುಗಳಲ್ಲಿ ‘ಶಬ್ದ’ ಎಂದರೆ ನಂಬಲರ್ಹನಾದ ಆಪ್ತನ ಮಾತು. ಹಾಗಾದರೆ ಭಾರತೀಯ ತರ್ಕ ದೊಡ್ಡವರ ಮಾತನ್ನು ಕಣ್ಣು ಮುಚ್ಚಿ ಒಪ್ಪುತ್ತದೆಯೇ ಎಂದು ಕೆಲವರು ಗೊಂದಲಪಡುತ್ತಾರೆ. ಇಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ಆಪ್ತ ಎನಿಸಿಕೊಳ್ಳಲು ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯೂ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಆತ ಸೇರಿಸುತ್ತಾನೆ. ಅಂದರೆ ಕುಲ, ಪಟ್ಟ, ಬಿರುದು ಲೆಕ್ಕಕ್ಕಿಲ್ಲ. ಬೌದ್ಧ ತಾರ್ಕಿಕ ದಿಙ್ನಾಗ ಇನ್ನೂ ಒಂದು ಹೆಜ್ಜೆ ಹೋಗಿ, ಶಬ್ದ ಬೇರೆಯೇ ಪ್ರಮಾಣವಲ್ಲ, ಅದು ಅನುಮಾನದೊಳಗೇ ಸೇರುತ್ತದೆ ಎಂದ. ಪೌಲಿಂಗ್ ಅವರನ್ನೂ ಹಾರ್ವರ್ಡ್‌ನವರನ್ನೂ ವಾತ್ಸ್ಯಾಯನನ ಎರಡು ಷರತ್ತುಗಳ ಮುಂದೆ ನಿಲ್ಲಿಸಿ ನೋಡಿ. ಮೊದಲನೆಯವರಿಗೆ ಸಮಸ್ಯೆಯಾದದ್ದು ಅರಿವಿನ ಷರತ್ತು. ಎರಡನೆಯವರ ವಿಷಯದಲ್ಲಿ ಅನುಮಾನ ಹುಟ್ಟುವುದು ಇಚ್ಛೆಯ ಷರತ್ತಿನಲ್ಲಿ.

ಪರೀಕ್ಷೆ ಬೇರೆ, ಫೋನ್ ಬೇರೆ

ಈಗ ತೆಂಗಿನ ನೀರಿನ ಮೆಸೇಜಿಗೆ ಮರಳೋಣ. ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ಕೊಟ್ಟರೆ ಏನು ಬರೆಯುತ್ತೀರಿ? ಕ್ಯಾನ್ಸರ್ ಆಸ್ಪತ್ರೆಯ ಕ್ಯಾನ್ಸರ್ ತಜ್ಞರು ಕ್ಯಾನ್ಸರ್ ಬಗ್ಗೆ ಮಾತಾಡಿದ್ದಾರೆ. ಕ್ಷೇತ್ರ ಸರಿ, ಪರಿಣತಿ ಸರಿ, ಹಿತಾಸಕ್ತಿ ಕಾಣುವುದಿಲ್ಲ. ನಾವು ಮೇಲೆ ಹೇಳಿದ ಬಹುತೇಕ ಒರೆಗಲ್ಲುಗಳನ್ನು ಅದು ದಾಟಿಬಿಡುತ್ತದೆ!

ಕಾರಣ ಇಷ್ಟೇ. ಪರೀಕ್ಷೆಯಲ್ಲಿ ಕೊಟ್ಟ ಆಧಾರವಾಕ್ಯಗಳನ್ನು ನಿಜವೆಂದು ಒಪ್ಪಿಕೊಂಡೇ ಮುಂದುವರಿಯಬೇಕು. ‘ತಜ್ಞರು ಹೀಗೆಂದರು’ ಎಂದು ಪ್ರಶ್ನೆ ಹೇಳಿದರೆ, ಅವರು ಹಾಗೆ ಅಂದಿದ್ದಾರೆ, ಮುಗಿಯಿತು. ಫೋನಿನಲ್ಲಿ ಆ ಒಪ್ಪಂದ ಇಲ್ಲ. ಸುಳ್ಳು ಮೆಸೇಜ್ ಬರೆಯುವವರು ಸೇತುವೆಯ ಬಗ್ಗೆ ಹೃದಯ ತಜ್ಞರ ಹೆಸರು ಹಾಕುವಷ್ಟು ದಡ್ಡರಲ್ಲ, ಕ್ಯಾನ್ಸರಿಗೆ ಕ್ಯಾನ್ಸರ್ ತಜ್ಞರ ಹೆಸರನ್ನೇ ಹಾಕುತ್ತಾರೆ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದದ್ದು ‘ಇವರಿಗೆ ಗೊತ್ತೇ?’ ಎಂದಲ್ಲ, ‘ಇವರು ಹೇಳಿದ್ದಾರೆಯೇ?’ ಎಂದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಇದು ಪ್ರತ್ಯಕ್ಷವೂ ಅಲ್ಲ, ಯಾರೋ ಟೈಪ್ ಮಾಡಿದ್ದು. ಆಸ್ಪತ್ರೆಯ ಸ್ವಂತ ವೆಬ್‌ಸೈಟಿನಲ್ಲಿ ಅಥವಾ ಅಧಿಕೃತ ಖಾತೆಯಲ್ಲಿ ಆ ಮಾತು ಇದೆಯೇ ಎಂದು ನೋಡಲು ಎರಡು ನಿಮಿಷ ಸಾಕು.

ಮೆಸೇಜಿನ ಒಳಗಿನ ಮಾತೂ ನಿಲ್ಲುವುದಿಲ್ಲ. ಬಿಸಿ ತೆಂಗಿನ ನೀರು ‘ಕ್ಷಾರೀಯ’, ಅದಕ್ಕೇ ಕ್ಯಾನ್ಸರ್ ಸಾಯುತ್ತದೆ ಎನ್ನುವುದು ಅದರ ವಾದ. ಕುಡಿದದ್ದು ಮೊದಲು ಸೇರುವುದು ಜಠರದ ಬಲವಾದ ಆಮ್ಲಕ್ಕೆ. ರಕ್ತದ ಪಿಎಚ್ ಅನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಕಟ್ಟುನಿಟ್ಟಾಗಿ ಕಾಯುತ್ತವೆ, ಒಂದು ಲೋಟ ನೀರು ಅದನ್ನು ಅಲುಗಿಸಲಾರದು. ಚಿಕಿತ್ಸೆಯನ್ನು ಮುಂದೂಡಿ ಈ ಲೋಟವನ್ನು ನಂಬಿ ಕೂತರೆ ಕಳೆದುಹೋಗುವ ವಾರಗಳು ರೋಗಿಯವು. ಅಂದಹಾಗೆ, ಇದೇ ಬರಹ ಬಿಸಿ ನಿಂಬೆ ನೀರು, ಬಿಸಿ ಅನಾನಸ್ ನೀರು ಎಂದೂ ಓಡಾಡಿದೆ. ಹಣ್ಣು ಬದಲಾದಂತೆ ಕೆಳಗಿನ ಡಾಕ್ಟರ ಹೆಸರೂ ಆಸ್ಪತ್ರೆಯೂ ಬದಲಾಗಿವೆ, ನಡುವಿನ ಸಾಲುಗಳು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ.